ಸ್ವಯಂಸೇವೆ ಮಾಡಬೇಕು ಅಂದುಕೊಂಡಿದ್ದೀರಾ? ಮೊದಲ ದಿನದಿಂದ ಮುಂದಿನ ವರ್ಷದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಸಸಿ ನೆಡುವ ದಿನ ನೂರು ಜನ ಬರುತ್ತಾರೆ. ಮೂರು ವಾರ ಕಳೆದ ಮೇಲೆ ಅದೇ ಸಸಿಗಳಿಗೆ ನೀರು ಹಾಕಲು ನಾಲ್ಕು ಜನ ಸಿಗುವುದಿಲ್ಲ. ಕೆರೆ ದಂಡೆ ಸ್ವಚ್ಛ ಮಾಡುವ ದಿನ ಚೀಲಗಳು ತುಂಬುತ್ತವೆ. ಆ ಚೀಲಗಳನ್ನು ಯಾರು ಒಯ್ಯಬೇಕು ಅಂತ ಮೊದಲೇ ಮಾತಾಡಿರದಿದ್ದರೆ ವಾರದ ನಂತರವೂ ಅವು ಅಲ್ಲೇ ಬಿದ್ದಿರುತ್ತವೆ. ಸ್ವಯಂಸೇವೆಯಲ್ಲಿ ಜನರ ಕೊರತೆ ಇರುವುದು ನೀರು ಹಾಕುವ ದಿನ, ಲೆಕ್ಕ ಬರೆಯುವ ದಿನ, ಮಳೆ ಬಂದರೂ ಹೋಗಲೇಬೇಕಾದ ದಿನ. ಈ ಬರಹ ಆ ದಿನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೇಗೆ ಶುರು ಮಾಡಬೇಕು ಅನ್ನುವಷ್ಟೇ ಮುಖ್ಯ, ಮಾಡಿದ ಕೆಲಸ ಉಳಿಯುವಂತೆ ಹೇಗೆ ಮಾಡಬೇಕು ಅನ್ನುವುದು.

ಮೊದಲು ಸಮಯದ ಲೆಕ್ಕ

ಯಾವ ಸಂಸ್ಥೆ, ಯಾವ ಕೆಲಸ ಅಂತ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಎರಡು ವಾರ ನಿಮಗೆ ನಿಜವಾಗಿ ಎಷ್ಟು ಬಿಡುವು ಸಿಕ್ಕಿತ್ತು ಅಂತ ಬರೆಯಿರಿ. ಸಿಗಬಹುದು ಅನ್ನುವುದನ್ನಲ್ಲ, ಸಿಕ್ಕಿದ್ದನ್ನು. ಆ ಬಿಡುವಿನ ಅರ್ಧ ಭಾಗವನ್ನು ಮಾತ್ರ ಕೊಡುತ್ತೇನೆ ಅಂತ ಹೇಳಿ.

ಇದು ಜಿಪುಣತನ ಅನ್ನಿಸಬಹುದು. ಆದರೆ ತಿಂಗಳಿಗೆ ಎರಡೇ ಗಂಟೆ ಕೊಟ್ಟು ಪ್ರತಿ ತಿಂಗಳೂ ಬರುವವರನ್ನು ನಂಬಿಕೊಂಡು ಒಂದು ಗುಂಪು ಕೆಲಸ ಹಾಕಿಕೊಳ್ಳಬಹುದು. ವಾರಕ್ಕೆ ಎಂಟು ಗಂಟೆ ಅಂತ ಹೇಳಿ ಮೂರನೇ ವಾರ ಕಾಣೆಯಾಗುವವರನ್ನು ನಂಬಿ ಏನೂ ಮಾಡಲಾಗದು. ಬರಲು ಆಗದ ದಿನ ಒಂದು ಸಂದೇಶ ಕಳಿಸಿದರೂ ಸಾಕು, ಅವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ.

ಸಮಯದ ಜೊತೆ ದೇಹದ ಲೆಕ್ಕವೂ ಬೇಕು. ಬಿಸಿಲಿನಲ್ಲಿ ಬಾಗಿ ನಿಲ್ಲಲು ಆಗುತ್ತಾ? ಬೆನ್ನು ನೋವಿದೆಯಾ? ಆಗದಿದ್ದರೆ ಬೇಸರ ಬೇಡ. ಲೆಕ್ಕ ಬರೆಯುವುದು, ಫೋನ್ ಮಾಡಿ ಜನರನ್ನು ಸೇರಿಸುವುದು, ಅರ್ಜಿ ಬರೆಯುವುದು, ಅನುವಾದ ಮಾಡುವುದು ಇವೆಲ್ಲಾ ಕೆಲಸವೇ. ಬಹುತೇಕ ಗುಂಪುಗಳಲ್ಲಿ ಗುದ್ದಲಿ ಹಿಡಿಯುವವರಿಗಿಂತ ಇಂಥವರ ಕೊರತೆ ಜಾಸ್ತಿ.

ಯಾವ ಕೆಲಸ ಆರಿಸಿಕೊಳ್ಳುವುದು

ಮನಸ್ಸಿಗೆ ಹತ್ತಿರವಾದದ್ದನ್ನು ಆರಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ಕಾಲಿಗೆ ಹತ್ತಿರವಾದದ್ದನ್ನು ಆರಿಸಿ. ನಡೆದು ಹೋಗುವಷ್ಟು ದೂರದ ಕೆಲಸವಾದರೆ ಸುಸ್ತಾದ ದಿನವೂ ಹೋಗುತ್ತೀರಿ. ಎರಡು ಗಂಟೆ ಪ್ರಯಾಣ ಮಾಡಬೇಕಾದರೆ ಮೊದಲ ಜ್ವರಕ್ಕೇ ಬಿಟ್ಟುಹೋಗುತ್ತದೆ. ಮೇಲಾಗಿ ಹತ್ತಿರದ ಜಾಗದ ಬದಲಾವಣೆ ದಿನವೂ ಕಣ್ಣಿಗೆ ಬೀಳುತ್ತದೆ. ಯಾರು ಎಲ್ಲಿ ಕಸ ಎಸೆಯುತ್ತಾರೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಅಲ್ಲೇ ಓಡಾಡುವವರಿಗೆ ಮಾತ್ರ ಗೊತ್ತು.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ಕೆಲಸ ನಾನಿಲ್ಲದಿದ್ದರೂ ಯಾರಾದರೂ ಸಂಬಳಕ್ಕೆ ಮಾಡುತ್ತಿದ್ದರಾ? ಹೌದು ಅಂತಾದರೆ ಸ್ವಲ್ಪ ಯೋಚಿಸಿ. ಬಿಟ್ಟಿ ಕೆಲಸಗಾರರಿಂದ ಯಾರದೋ ಕೂಲಿ ತಪ್ಪಬಾರದು.

ಗುಂಪನ್ನು ಅಳೆದು ನೋಡುವುದು

ಹುಡುಕುವುದು ಕಷ್ಟವಲ್ಲ. ಹತ್ತಿರದ ಗ್ರಂಥಾಲಯ, ಶಾಲೆ, ಸ್ಥಳೀಯ ಆಡಳಿತದ ಕಚೇರಿ, ಅರಣ್ಯ ಇಲಾಖೆ ಇಲ್ಲೆಲ್ಲಾ ವಿಚಾರಿಸಿದರೆ ಒಂದೆರಡು ಹೆಸರು ಸಿಗುತ್ತವೆ. ಕಷ್ಟವಿರುವುದು ಆರಿಸುವುದರಲ್ಲಿ. ಸೇರುವ ಮೊದಲು ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಕಳೆದ ವರ್ಷ ಮಾಡಿದ ಕೆಲಸ ಈಗ ಹೇಗಿದೆ, ನೋಡಬಹುದಾ? ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ? ಹಣದ ಲೆಕ್ಕ ಎಲ್ಲಿ ಸಿಗುತ್ತದೆ? ಕೆಲಸದ ಜಾಗದ ಮಾಲೀಕರ ಅನುಮತಿ ಇದೆಯಾ?

ಮೊದಲ ಪ್ರಶ್ನೆಗೆ ಸಿಗುವ ಉತ್ತರವೇ ಸಾಕಷ್ಟು ಹೇಳುತ್ತದೆ. ಒಳ್ಳೆಯ ಗುಂಪಿನವರು "ಬನ್ನಿ, ತೋರಿಸ್ತೀವಿ. ಅಷ್ಟರಲ್ಲಿ ಇಷ್ಟು ಒಣಗಿಹೋಯ್ತು" ಅಂತ ನೇರವಾಗಿ ಹೇಳುತ್ತಾರೆ. ಬರೀ ಫೋಟೋ ತೋರಿಸಿದರೆ, ಅದೂ ಕಾರ್ಯಕ್ರಮದ ದಿನದ ಫೋಟೋ ಮಾತ್ರ ಇದ್ದರೆ, ಹುಷಾರು.

ದೂರದ ಊರಿಗೆ, ಬೇರೆ ದೇಶಕ್ಕೆ ಹಣ ಕಟ್ಟಿ ಹೋಗುವ ಸ್ವಯಂಸೇವೆ ಇದೆಯಲ್ಲ, ಅದರ ಬಗ್ಗೆ ಎರಡು ಪಟ್ಟು ಎಚ್ಚರ ಬೇಕು. ಅದರಲ್ಲೂ ಅನಾಥಾಶ್ರಮಗಳಲ್ಲಿ ಕೆಲವೇ ವಾರ ಇದ್ದು ಬರುವ ಕಾರ್ಯಕ್ರಮಗಳಿಗೆ ದಯವಿಟ್ಟು ಹೋಗಬೇಡಿ. ಮಕ್ಕಳು ಹಚ್ಚಿಕೊಳ್ಳುತ್ತಾರೆ, ಬಂದವರು ಹೊರಟುಹೋಗುತ್ತಾರೆ, ಮತ್ತೆ ಹೊಸಬರು ಬರುತ್ತಾರೆ. ಹಾಗೆ ಮತ್ತೆ ಮತ್ತೆ ಬಿಟ್ಟುಹೋಗುವುದು ಮಕ್ಕಳ ಮನಸ್ಸಿಗೆ ಪೆಟ್ಟು. ಕೆಲವು ಕಡೆ ಅಪ್ಪ ಅಮ್ಮ ಇರುವ ಮಕ್ಕಳನ್ನೇ, ಬರುವವರ ಹಣಕ್ಕಾಗಿ, ಅನಾಥರೆಂದು ತೋರಿಸುವುದೂ ನಡೆದಿದೆ.

ಕಸ ಎತ್ತುವ ದಿನ

ಹೆಚ್ಚಿನವರು ಶುರು ಮಾಡುವುದು ಇಲ್ಲಿಂದ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2008ರ ಮೇ 3ರಂದು ಎಸ್ಟೋನಿಯಾದಲ್ಲಿ ಸುಮಾರು 50,000 ಜನ ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ತೆಗೆದರು. ಕಾಡಿನಲ್ಲಿ, ರಸ್ತೆ ಬದಿಯಲ್ಲಿ ಕದ್ದು ಸುರಿದ ಕಸ ಅದು. ಎಲ್ಲರಿಗೂ ನೆನಪಿರುವುದು ಆ ಒಂದು ದಿನ. ಆದರೆ ಅದಕ್ಕೂ ಮೊದಲು ತಿಂಗಳುಗಟ್ಟಲೆ ಸ್ವಯಂಸೇವಕರು ಕಸದ ಗುಡ್ಡೆಗಳನ್ನು ಹುಡುಕಿ, ಫೋಟೋ ತೆಗೆದು, ನಕ್ಷೆಯಲ್ಲಿ ಗುರುತು ಹಾಕಿದ್ದರು. ಯಾವ ತಂಡ ಎಲ್ಲಿಗೆ ಹೋಗಬೇಕು, ಕಸ ಎಲ್ಲಿಗೆ ಸೇರಬೇಕು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಆ ಪ್ರಯತ್ನವೇ ಮುಂದೆ ಹಲವು ದೇಶಗಳಿಗೆ ಹಬ್ಬಿತು. 2023ರಲ್ಲಿ ವಿಶ್ವಸಂಸ್ಥೆ ಸೆಪ್ಟೆಂಬರ್ 20ನ್ನು ವಿಶ್ವ ಸ್ವಚ್ಛತಾ ದಿನ ಅಂತ ಘೋಷಿಸಿತು.

ನಿಮ್ಮದು ಹತ್ತೇ ಜನರ ತಂಡವಾದರೂ ಕ್ರಮ ಇದೇ. ಒಂದು ವಾರ ಮೊದಲು ಇಬ್ಬರು ಹೋಗಿ ಜಾಗ ನೋಡಿ ಬನ್ನಿ. ಇಳಿಜಾರು ಎಲ್ಲಿದೆ, ಕೆಸರು ಎಷ್ಟು ಆಳ, ಗಾಜು ಎಲ್ಲಿ ಜಾಸ್ತಿ, ಜೇನುಗೂಡೋ ಹುತ್ತವೋ ಇದೆಯಾ ಅಂತ ನೋಡಿ. ಜಾಗ ಯಾರದು ಅಂತ ತಿಳಿದು ಅನುಮತಿ ಪಡೆಯಿರಿ. ಆಮೇಲೆ ಕಸ ಒಯ್ಯುವವರ ಜೊತೆ ಮಾತಾಡಿ. ಯಾವ ಗಾಡಿ, ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ, ಯಾವ ಕಸ ತೆಗೆದುಕೊಳ್ಳುತ್ತಾರೆ, ಯಾವುದು ಬೇಡ ಅನ್ನುತ್ತಾರೆ? ಈ ಮಾತು ಮುಗಿಯುವವರೆಗೆ ಕಾರ್ಯಕ್ರಮದ ದಿನಾಂಕ ಯಾರಿಗೂ ಹೇಳಬೇಡಿ.

ಬರುವವರಿಗೆ ಹೀಗೆ ಹೇಳಿ: ಬೆರಳು ಮುಚ್ಚುವ ಗಟ್ಟಿ ಶೂ, ಉದ್ದ ಪ್ಯಾಂಟು, ಟೋಪಿ, ಕುಡಿಯುವ ನೀರು. ಗ್ಲೌಸ್ ನೀವೇ ಕೊಡಿ. ತೆಳು ಪ್ಲಾಸ್ಟಿಕ್ಕಿನದು ಬೇಡ, ಗಾಜು ತಾಗಿದರೆ ಹರಿಯದಂಥ ದಪ್ಪ ರಬ್ಬರಿನದು ಬೇಕು. ಟಿಟಿ ಚುಚ್ಚುಮದ್ದು ತೆಗೆದುಕೊಂಡು ಹತ್ತು ವರ್ಷ ಆಗಿದ್ದರೆ ಮೊದಲೇ ವೈದ್ಯರನ್ನು ಕೇಳಲಿ. ಕೈಕಾಲಿನಲ್ಲಿ ಹಸಿ ಗಾಯ ಇರುವವರು ಕೊಳಕು ನೀರಿಗೆ ಇಳಿಯಲೇಬಾರದು. ಇಲಿಜ್ವರದ ರೋಗಾಣು ಗಾಯದ ಮೂಲಕ ಒಳಗೆ ಹೋಗಬಹುದು.

ಆ ದಿನ ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಎತ್ತುತ್ತಾರೆ, ಇನ್ನೊಬ್ಬರು ಚೀಲ ಹಿಡಿದು ಬರೆಯುತ್ತಾರೆ. ಬಾಟಲಿಗೆ ಒಂದು ಸಾಲು, ಮುಚ್ಚಳಕ್ಕೆ ಒಂದು, ತಿಂಡಿ ಪೊಟ್ಟಣಕ್ಕೆ ಒಂದು, ಸಿಗರೇಟ್ ತುಂಡಿಗೆ ಒಂದು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುತ್ತಾ ಹೋದರೆ ಕೊನೆಗೆ ಕೂಡುವುದು ಸುಲಭ. ಸಿಗರೇಟ್ ತುಂಡು ಚಿಕ್ಕದು ಅಂತ ಬಿಡಬೇಡಿ. ಅದರ ಫಿಲ್ಟರ್ ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್.

ಎಣಿಸುತ್ತಾ ಕೂತರೆ ಕೆಲಸ ನಿಧಾನ ಅಂತ ಕೆಲವರು ಗೊಣಗುತ್ತಾರೆ. ನಿಧಾನವಾಗುವುದು ನಿಜ. ಆದರೂ ಎಣಿಸಿ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಶುರುವಾದ ಕಸ ಎತ್ತುವ ಕೆಲಸದಲ್ಲಿ ಪ್ರತಿ ವಸ್ತುವನ್ನೂ ಕಾರ್ಡಿನಲ್ಲಿ ಬರೆದಿಟ್ಟರು. ಅದೇ ಇವತ್ತಿನ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ಅಭಿಯಾನದ ಮೂಲ. ಯುರೋಪಿಯನ್ ಒಕ್ಕೂಟ 2019ರಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಮೇಲೆ ನಿಯಮ ತಂದಾಗ, ಯಾವ ವಸ್ತುಗಳನ್ನು ಹಿಡಿಯಬೇಕು ಅಂತ ತೀರ್ಮಾನಿಸಿದ್ದು ಅಲ್ಲಿನ ಕಡಲತೀರಗಳಲ್ಲಿ ಅತಿ ಹೆಚ್ಚು ಸಿಕ್ಕ ಹತ್ತು ವಸ್ತುಗಳನ್ನು ನೋಡಿ. "ತುಂಬಾ ಕಸ ಇದೆ" ಅಂತ ಹೇಳಿದರೆ ಅಧಿಕಾರಿ ತಲೆಯಾಡಿಸಿ ಕಳಿಸುತ್ತಾರೆ. ಯಾವ ವಸ್ತು, ಎಷ್ಟು, ಯಾವ ಮೂಲೆಯಲ್ಲಿ ಅಂತ ಹಾಳೆ ಇಟ್ಟರೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಚೀಲವನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒದ್ದೆ ಕಸ ನೋಡುವುದಕ್ಕಿಂತ ಭಾರ, ಬೆನ್ನು ಹಿಡಿದುಕೊಳ್ಳುತ್ತದೆ. ಗಾಜಿಗೆ ಬಕೆಟ್ ಬೇರೆ ಇಡಿ. ಸಿರಿಂಜ್ ಕಂಡರೆ ಕೈಯಲ್ಲಿ ಮುಟ್ಟಬೇಡಿ, ಸೂಜಿಗೆ ಮುಚ್ಚಳ ಹಾಕಲೂ ಹೋಗಬೇಡಿ. ಇಕ್ಕಳದಲ್ಲಿ ಹಿಡಿದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ. ಗುರುತಿಲ್ಲದ ಡ್ರಮ್ಮು, ವಾಸನೆ ಬರುವ ದ್ರಾವಣ, ಸತ್ತ ಪ್ರಾಣಿ ಇವುಗಳಿಂದ ದೂರ ನಿಂತು ಸಂಬಂಧಪಟ್ಟವರಿಗೆ ತಿಳಿಸಿ. ಒಣ ಎಲೆ, ಬಿದ್ದ ಕೊಂಬೆ, ಜೊಂಡು ಇವು ಕಸವಲ್ಲ. ಅವುಗಳಡಿಯಲ್ಲಿ ಹುಳು, ಕಪ್ಪೆ, ಹಕ್ಕಿ ಬದುಕುತ್ತವೆ. ಹಾಗೇ ಬಿಡಿ.

ನೀರಿನ ಮೇಲೆ ಹಬ್ಬಿದ ಅಂತರಗಂಗೆಯ ಕಥೆಯೇ ಬೇರೆ. ಅದರ ಒಂದು ತುಂಡು ನೀರಿನಲ್ಲಿ ಉಳಿದರೂ ಮತ್ತೆ ಚಿಗುರುತ್ತದೆ, ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ತೆಗೆದದ್ದನ್ನು ದಂಡೆಯಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ಅದು ನೀರಿಗೇ ವಾಪಸ್. ಮಳೆನೀರು ತಲುಪದಷ್ಟು ದೂರ ಒಯ್ದು ಒಣಗಿಸಬೇಕು. ಅದು ಅಷ್ಟು ಹುಲುಸಾಗಿ ಬೆಳೆಯುವುದು ಚರಂಡಿ ನೀರು, ಗೊಬ್ಬರದ ನೀರು ಬಂದು ಸೇರುವುದರಿಂದ. ಅದನ್ನು ತಡೆಯದೆ ಬರೀ ಗಿಡ ಕಿತ್ತರೆ ಕೆಲಸ ಮುಗಿಯುವುದೇ ಇಲ್ಲ.

ಮುಗಿದ ಮೇಲೆ ಸ್ಥಳದಲ್ಲೇ ವಿಂಗಡಿಸಿ, ಸಾಧ್ಯವಾದರೆ ತೂಕ ಹಾಕಿ. ಕೆಸರು ಮೆತ್ತಿದ, ಎಲ್ಲಾ ಬೆರೆತ ಚೀಲವನ್ನು ಮರುಬಳಕೆಯವರು ಮುಟ್ಟುವುದಿಲ್ಲ. ಗಾಡಿ ಹೊರಡುವವರೆಗೆ ಇಬ್ಬರು ಅಲ್ಲೇ ಇರಲಿ. ಎಲ್ಲರೂ ಸೋಪು ಹಾಕಿ ಕೈ ತೊಳೆದ ಮೇಲೆಯೇ ತಿಂಡಿ.

ಗಿಡ ನೆಡುವುದು, ಗಿಡ ಉಳಿಸುವುದು

1977ರಲ್ಲಿ ಕೀನ್ಯಾದಲ್ಲಿ ವಂಗಾರಿ ಮಾಥಾಯ್ ಶುರು ಮಾಡಿದ ಹಸಿರು ಪಟ್ಟಿ ಚಳವಳಿಯಲ್ಲಿ ಹಳ್ಳಿಯ ಹೆಂಗಸರು ಸಸಿ ಬೆಳೆಸಿ ನೆಟ್ಟರು. ಅವರಿಗೆ ಪುಟ್ಟ ಮೊತ್ತ ಸಿಗುತ್ತಿತ್ತು. ಆದರೆ ನೆಟ್ಟ ಸಸಿಗಲ್ಲ, ಉಳಿದ ಸಸಿಗೆ. ನನಗೆ ಗೊತ್ತಿರುವ ಅತ್ಯಂತ ಜಾಣ ನಿಯಮ ಇದು. ಮಾಥಾಯ್ ಅವರಿಗೆ 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಿಮ್ಮ ಗುಂಪೂ "ಎಷ್ಟು ನೆಟ್ಟೆವು" ಅನ್ನುವ ಅಂಕಿಯನ್ನು ಬಿಟ್ಟು "ಎರಡು ವರ್ಷದ ನಂತರ ಎಷ್ಟು ಬದುಕಿವೆ" ಅನ್ನುವ ಅಂಕಿಯನ್ನು ಹೇಳಲಿ.

ಮೊದಲು, ಅಲ್ಲಿ ಗಿಡ ನೆಡಬೇಕಾ ಅಂತ ಕೇಳಿ. ಸಹಜ ಹುಲ್ಲುಗಾವಲು ಪಾಳುಭೂಮಿಯಲ್ಲ. ಹುಲ್ಲಿನಲ್ಲೇ ಗೂಡು ಕಟ್ಟುವ ಹಕ್ಕಿಗಳಿಗೆ ಅಲ್ಲಿ ಮರ ಎದ್ದರೆ ಮನೆ ಹೋದಂತೆ. ಹುಲ್ಲುಗಾವಲು ಇಂಗಾಲವನ್ನು ನೆಲದೊಳಗೇ ಹಿಡಿದಿಟ್ಟಿರುತ್ತದೆ. ಅಂಥ ಕಡೆ ಗುಂಡಿ ತೋಡದೆ ಇರುವುದೇ ಸೇವೆ. ನೆಡಬಹುದಾದ ಜಾಗದಲ್ಲಿ ಆ ನೆಲದಲ್ಲೇ ಹುಟ್ಟಿ ಬೆಳೆಯುವ ಜಾತಿಗಳನ್ನು ಆರಿಸಿ. ಮೇಲೆ ವಿದ್ಯುತ್ ತಂತಿ, ಕೆಳಗೆ ಪೈಪು ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಐದು ವರ್ಷದ ನಂತರ ಯಾರೋ ಬಂದು ಕಡಿಯುತ್ತಾರೆ.

ನೆಡುವಾಗ ಹೀಗೆ ಮಾಡಿ. ಬೇರಿನ ಉಂಡೆಗಿಂತ ಎರಡು ಪಟ್ಟು ಅಗಲದ ಗುಂಡಿ, ಆಳ ಉಂಡೆಯಷ್ಟೇ. ಸಸಿಗೆ ಮೊದಲು ನೀರು ಹಾಕಿ, ಆಮೇಲೆ ಪ್ಲಾಸ್ಟಿಕ್ ಚೀಲವನ್ನು ಬದಿಯಿಂದ ಕತ್ತರಿಸಿ ಪೂರ್ತಿ ತೆಗೆಯಿರಿ. ಚೀಲದ ಸಮೇತ ನೆಟ್ಟ ಸಸಿಗಳು ಎಷ್ಟೋ ಕಡೆ ಸಿಗುತ್ತವೆ. ಬೇರು ಚೀಲದೊಳಗೆ ಸುತ್ತಿಕೊಂಡಿದ್ದರೆ ಬೆರಳಲ್ಲಿ ಮೆಲ್ಲಗೆ ಬಿಡಿಸಿ. ಕಾಂಡ ಮತ್ತು ಬೇರು ಸೇರುವ ಕುತ್ತಿಗೆ ನೆಲದ ಮಟ್ಟಕ್ಕೆ ಬರಬೇಕು. ಅದನ್ನು ಹೂತರೆ ಕೊಳೆಯುತ್ತದೆ. ಮಣ್ಣು ತುಂಬಿ, ಗಾಳಿ ಉಳಿಯದಂತೆ ಕಾಲಿನಿಂದ ಹದವಾಗಿ ಒತ್ತಿ, ಸುತ್ತ ಪಾತಿ ಮಾಡಿ. ಪಾತಿಗೆ ಒಣ ಎಲೆಯ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ. ಆದರೆ ಎಲೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಊರುಗೋಲಿಗೆ ಕಟ್ಟುವುದಾದರೆ ಸಡಿಲವಾಗಿ ಕಟ್ಟಿ. ಬಿಗಿದರೆ ಕಾಂಡ ದಪ್ಪವಾದಂತೆ ದಾರ ಒಳಗೆ ಇಳಿಯುತ್ತದೆ.

ಇದೆಲ್ಲಾ ಒಂದು ಬೆಳಗಿನ ಕೆಲಸ. ನಿಜವಾದ ಕೆಲಸ ಇನ್ನು ಶುರು. ಕನಿಷ್ಠ ಎರಡು, ಮೂರು ಬೇಸಿಗೆ ನೋಡಿಕೊಳ್ಳಬೇಕು. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ಹೆಸರಿನ ದಟ್ಟ ಕಾಡಿನ ವಿಧಾನದಲ್ಲೂ ಮೊದಲ ಎರಡು ಮೂರು ವರ್ಷ ನೀರು, ಕಳೆ ಎರಡನ್ನೂ ನೋಡಿಕೊಳ್ಳಲೇಬೇಕು. ಹಾಗಾಗಿ ಲೆಕ್ಕ ಉಲ್ಟಾ ಹಾಕಿ. ಬೇಸಿಗೆಯಲ್ಲಿ ನೀರು ಹಾಕಲು ನಂಬಿಕೆಯಿಂದ ಬರುವವರು ಎಷ್ಟು ಜನ? ಒಬ್ಬೊಬ್ಬರು ಎಷ್ಟು ಗಿಡ ನೋಡಿಕೊಳ್ಳಬಲ್ಲರು? ಅಷ್ಟೇ ಗಿಡ ನೆಡಿ. ಪ್ರತಿ ಗಿಡಕ್ಕೂ ನಂಬರ್ ಹಾಕಿ, ಯಾರ ಜವಾಬ್ದಾರಿ ಅಂತ ಬರೆದಿಡಿ. ದಿನಾ ಚಿಮುಕಿಸುವುದಕ್ಕಿಂತ ಬಿಡುವು ಕೊಟ್ಟು ಬೇರಿಗೆ ಇಳಿಯುವಂತೆ ಹಾಕಿದ ನೀರು ಒಳ್ಳೆಯದು. ಬೇರು ಕೆಳಗೆ ಹೋಗುತ್ತದೆ.

ನೋಡುವುದು, ಎಣಿಸುವುದು

ಭಾರ ಎತ್ತಲು ಆಗದವರಿಗೆ, ಗುಂಪಿನಲ್ಲಿ ಮಾತಾಡಲು ಮುಜುಗರ ಇರುವವರಿಗೆ ಇದು ಹೇಳಿ ಮಾಡಿಸಿದ ಕೆಲಸ. 1900ರಲ್ಲಿ ಅಮೆರಿಕದ ಫ್ರಾಂಕ್ ಚಾಪ್‌ಮನ್ ಅನ್ನುವ ಪಕ್ಷಿತಜ್ಞರು, ಕ್ರಿಸ್‌ಮಸ್ ಹಬ್ಬದ ದಿನ ಹಕ್ಕಿಗಳನ್ನು ಹೊಡೆಯುವ ಬದಲು ಎಣಿಸೋಣ ಅಂದರು. ಆ ವರ್ಷ ಎಣಿಸಿದವರು 27 ಜನ. ಆ ಎಣಿಕೆ ಇವತ್ತಿಗೂ ಪ್ರತಿ ವರ್ಷ ನಡೆಯುತ್ತದೆ. ಯಾವ ಹಕ್ಕಿ ಕಡಿಮೆಯಾಗುತ್ತಿದೆ, ಯಾವುದು ಜಾಗ ಬದಲಿಸುತ್ತಿದೆ ಅಂತ ತಿಳಿಯಲು ಅಷ್ಟು ಉದ್ದದ ದಾಖಲೆ ಬೇರೆ ಸಿಗುವುದು ಕಷ್ಟ. ಅದನ್ನು ಕಟ್ಟಿದವರು ಸಾಮಾನ್ಯ ಜನ.

ಈಗ ಕಂಡದ್ದನ್ನು ದಾಖಲಿಸಲು ಜಾಲತಾಣಗಳಿವೆ. ಹಕ್ಕಿಗಳಿಗೆ 2002ರಲ್ಲಿ ಶುರುವಾದ ಇಬರ್ಡ್ ಇದೆ. ಗಿಡ, ಕೀಟ, ಕಪ್ಪೆ ಎಲ್ಲಕ್ಕೂ ಐನ್ಯಾಚುರಲಿಸ್ಟ್ ಇದೆ. ಇಬರ್ಡ್‌ನಲ್ಲಿ ಅಪರೂಪದ್ದನ್ನು ಮಾತ್ರ ಹಾಕುವುದು ಬೇಡ, ಕಂಡು ಗುರುತಿಸಿದ ಹಕ್ಕಿಗಳನ್ನೆಲ್ಲಾ ಪಟ್ಟಿ ಮಾಡಿ. ಪಟ್ಟಿ ಪೂರ್ತಿ ಇದ್ದರೆ ಮಾತ್ರ ಯಾವ ಹಕ್ಕಿ ಕಾಣಲಿಲ್ಲ ಅನ್ನುವುದೂ ತಿಳಿಯುತ್ತದೆ. ಐನ್ಯಾಚುರಲಿಸ್ಟ್‌ಗೆ ಒಂದೇ ಗಿಡದ ಎಲೆ, ಹೂ, ತೊಗಟೆ ಮೂರರ ಫೋಟೋ ಹಾಕಿ, ಗುರುತಿಸುವವರಿಗೆ ಸುಲಭ. ಗೂಡಿನ ಜಾಗ, ಕಳ್ಳಬೇಟೆಯ ಭಯವಿರುವ ಪ್ರಾಣಿಯ ಜಾಗ ಎಲ್ಲಿಯೂ ಹಂಚಿಕೊಳ್ಳಬೇಡಿ. ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ವರ್ಷಪೂರ್ತಿ ಹೋದವರ ಟಿಪ್ಪಣಿಗೆ ಬೆಲೆ ಜಾಸ್ತಿ.

ಜನರ ಜೊತೆಗಿನ ಕೆಲಸ

ಪಾಠ ಹೇಳುವುದು, ಹಿರಿಯರ ಜೊತೆ ಕೂರುವುದು, ರಕ್ತದಾನ ಶಿಬಿರದಲ್ಲಿ ನೆರವಾಗುವುದು ಇವೆಲ್ಲಾ ಗಿಡ ನೆಡುವುದಕ್ಕಿಂತ ಸೂಕ್ಷ್ಮ. ಗಿಡಕ್ಕೆ ಮುಖ ಮುರಿದಂತೆ ಅನ್ನಿಸುವುದಿಲ್ಲ, ಮನುಷ್ಯರಿಗೆ ಅನ್ನಿಸುತ್ತದೆ. ಹೋದ ಕೂಡಲೇ "ನಿಮಗೆ ಇದು ಬೇಕು" ಅಂತ ಹೇಳಬೇಡಿ. "ಏನು ಮಾಡಿದರೆ ಅನುಕೂಲ ಆಗುತ್ತೆ?" ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ನೆ ಇರಿ. ಮೊದಲ ಉತ್ತರ ಹೆಚ್ಚಾಗಿ "ಏನೂ ಬೇಡ" ಅಂತಲೇ ಇರುತ್ತದೆ. ಎರಡನೇ, ಮೂರನೇ ಭೇಟಿಯಲ್ಲಿ ನಿಜವಾದ ತೊಂದರೆ ಹೊರಗೆ ಬರುತ್ತದೆ.

ಮಕ್ಕಳ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬೇಡಿ, ಇನ್ನೊಬ್ಬ ದೊಡ್ಡವರು ಕಾಣುವಂತಿರಲಿ. ಸಂಸ್ಥೆ ನಿಮ್ಮ ಹಿನ್ನೆಲೆ ವಿಚಾರಿಸಿದರೆ ಬೇಜಾರಾಗಬೇಡಿ. ವಿಚಾರಿಸದ ಸಂಸ್ಥೆಯ ಬಗ್ಗೆಯೇ ಅನುಮಾನ ಪಡಿ. ನೆರವು ಪಡೆಯುವವರ ಫೋಟೋವನ್ನು ಕೇಳದೆ ತೆಗೆಯಬಾರದು. ಕೇಳಿದರೂ, ಊಟ ಕೊಡುವ ಕೈ ಮುಂದೆ ನಿಂತವರು ಬೇಡ ಅನ್ನುವುದು ಕಷ್ಟ, ಅಲ್ವಾ? ಹಾಗಾಗಿ ತೆಗೆಯದಿರುವುದೇ ಲೇಸು.

ನೆರೆ, ಭೂಕಂಪದ ಸಮಯದಲ್ಲಿ ತರಬೇತಿ ಇಲ್ಲದೆ ನೇರವಾಗಿ ಓಡಬೇಡಿ. ರಸ್ತೆ ತುಂಬಿ ರಕ್ಷಣಾ ತಂಡಕ್ಕೇ ಅಡ್ಡಿಯಾಗುತ್ತದೆ. ಕೇಳದೆ ಕಳಿಸಿದ ಹಳೆಯ ಬಟ್ಟೆಯ ರಾಶಿಯನ್ನು ವಿಂಗಡಿಸಲು ಅಲ್ಲಿ ಮತ್ತಷ್ಟು ಜನ ಬೇಕಾಗುತ್ತಾರೆ. ಈಗಲೇ, ಏನೂ ಆಗದಿರುವಾಗ, ಪ್ರಥಮ ಚಿಕಿತ್ಸೆ ಕಲಿತು ಒಂದು ತಂಡದಲ್ಲಿ ಹೆಸರು ಬರೆಸಿಡಿ. ಕರೆ ಬಂದಾಗ ಹೋಗಿ.

ನೀವೇ ಗುಂಪು ಕಟ್ಟುವುದಾದರೆ

ಹೊಸದಾಗಿ ಕಟ್ಟುವ ಮೊದಲು ಅದೇ ಕೆಲಸ ಮಾಡುವವರು ಹತ್ತಿರದಲ್ಲಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಇದ್ದರೆ ಅಲ್ಲೇ ಸೇರಿ. ಇಲ್ಲದಿದ್ದರೆ ಮೂರು ಜನರಿಂದ ಶುರು ಮಾಡಿ. ಒಬ್ಬರು ಕೆಲಸ ನೋಡಲಿ, ಒಬ್ಬರು ಜನರನ್ನು, ಒಬ್ಬರು ಲೆಕ್ಕವನ್ನು. ಹಣ ಮುಟ್ಟುವವರು ಮತ್ತು ಲೆಕ್ಕ ಬರೆಯುವವರು ಬೇರೆ ಬೇರೆ ಇರಲಿ, ಮೊತ್ತ ಎಷ್ಟೇ ಚಿಕ್ಕದಾಗಿರಲಿ.

ತಿಂಗಳ ಒಂದು ದಿನ ಗೊತ್ತು ಮಾಡಿ, ಅದನ್ನು ಬದಲಿಸಬೇಡಿ. "ಎರಡನೇ ಭಾನುವಾರ, ಬೆಳಗ್ಗೆ ಏಳಕ್ಕೆ" ಅಂತ ಇದ್ದರೆ ಯಾರೂ ಕೇಳಬೇಕಾಗಿಲ್ಲ. ಹೊಸಬರು ಬಂದರೆ ಮೊದಲ ಐದು ನಿಮಿಷದಲ್ಲೇ ಅವರ ಕೈಗೆ ಒಂದು ನಿರ್ದಿಷ್ಟ ಕೆಲಸ ಕೊಟ್ಟು, ಹಳಬರೊಬ್ಬರ ಜೊತೆ ಬಿಡಿ. ಏನು ಮಾಡಬೇಕು ಅಂತ ತಿಳಿಯದೆ ಬದಿಯಲ್ಲಿ ನಿಂತವರು ಮತ್ತೆ ಬರುವುದಿಲ್ಲ. ಭಾಷಣ ಬೇಡವೇ ಬೇಡ. ಕೆಲಸ ಒಂಬತ್ತಕ್ಕೆ ಮುಗಿಯುತ್ತದೆ ಅಂದಿದ್ದರೆ ಒಂಬತ್ತಕ್ಕೇ ಮುಗಿಸಿ, ಅರ್ಧ ಉಳಿದಿದ್ದರೂ ಸರಿ.

ಬಿಡುವಾಗ

ಒಂದು ದಿನ ನೀವು ನಿಲ್ಲಿಸುತ್ತೀರಿ. ಊರು ಬದಲಾಗುತ್ತದೆ, ಮಗು ಹುಟ್ಟುತ್ತದೆ, ಇಲ್ಲವೇ ಸುಸ್ತಾಗುತ್ತದೆ. ಹೋಗುವ ಹಿಂದಿನ ರಾತ್ರಿಯೇ ಬೇಸರ ಬರುತ್ತಿದೆ, ಬರದವರ ಮೇಲೆ ಸಿಟ್ಟು ಏರುತ್ತಿದೆ ಅಂತಾದರೆ ಅದು ದಣಿವು. ಒಂದು ತಿಂಗಳು ಬಿಡುವು ಕೇಳಿ, ನಾಚಿಕೆ ಬೇಡ. ಪೂರ್ತಿ ಬಿಡುವುದಾದರೆ ಎರಡು ತಿಂಗಳು ಮೊದಲೇ ತಿಳಿಸಿ.

ಆ ಎರಡು ತಿಂಗಳಲ್ಲಿ ನಿಮ್ಮ ತಲೆಯೊಳಗಿರುವುದನ್ನು ಕಾಗದಕ್ಕೆ ಇಳಿಸಿ. ಯಾವ ಗಿಡಕ್ಕೆ ಯಾರು, ನೀರಿನ ನಲ್ಲಿಯ ಬೀಗದ ಕೈ ಯಾರ ಹತ್ತಿರ, ಕಸದ ಗಾಡಿಗೆ ಯಾರನ್ನು ಕೇಳಬೇಕು, ಅನುಮತಿ ಪತ್ರದ ಅವಧಿ ಯಾವಾಗ ಮುಗಿಯುತ್ತದೆ, ಯಾವ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಲೆಕ್ಕದ ಪುಸ್ತಕ, ಎಣಿಕೆಯ ಹಾಳೆಗಳು, ಗುದ್ದಲಿ, ಇಕ್ಕಳ ಎಲ್ಲದರ ಪಟ್ಟಿ ಮಾಡಿ. ನಿಮ್ಮ ಜಾಗಕ್ಕೆ ಬರುವವರನ್ನು ಕರೆದುಕೊಂಡು ಒಂದು ಸುತ್ತು ಹೋಗಿ, ಅಧಿಕಾರಿಗಳಿಗೆ, ಗಾಡಿಯವರಿಗೆ, ಅಕ್ಕಪಕ್ಕದ ಮನೆಯವರಿಗೆ ಪರಿಚಯ ಮಾಡಿಸಿ. ಕೊನೆಯ ಎರಡು ಸಲ ಅವರೇ ಮುಂದೆ ನಿಂತು ನಡೆಸಲಿ. ನೀವು ಚೀಲ ಹಿಡಿದು ಬರೆಯುವವರ ಜೊತೆ ಇರಿ, ಅವರು ಕೇಳಿದಾಗ ಮಾತ್ರ ಉತ್ತರ ಕೊಡಿ.